ಕಹಿ ಇನ್ನೂ ಸಾಲದು

ನನ್ನ ತಮ್ಮನ ನಾಲಿಗೆ ಸತ್ತದ್ದು ಆ ದೊಡ್ಡ ಜ್ವರದಲ್ಲಿ. ಊರಿಗೆ ಊರೇ ಹಾಸಿಗೆ ಹಿಡಿದ ವರ್ಷ ಅದು. ಅಪ್ಪ, ಅವ್ವ ಇಬ್ಬರೂ ಅದರಲ್ಲೇ ಹೋದರು, ಅವನು ಉಳಿದ. ಹದಿನೈದು ದಿನದ ಮೇಲೆ ಎದ್ದು ಕೂತು, ನಾನು ಕೊಟ್ಟ ಗಂಜಿ ಕುಡಿದು, "ಇದ್ಯಾಕಕ್ಕ ಮಣ್ಣು ಕಲಸಿದಂಗೈತೆ?" ಅಂದ. ಅಲ್ಲಿಂದ ಮುಂದೆ ಅವನಿಗೆ ಎಲ್ಲವೂ ಮಣ್ಣೇ. ಹಸಿ ಹಾಗಲಕಾಯಿ ಅಗಿದರೂ ಮುಖ ಕಿವುಚುತ್ತಿರಲಿಲ್ಲ. ಹಾಲು ಸೀದರೆ ಹೊಗೆ ಕಣ್ಣಿಗೆ ಬಿದ್ದ ಮೇಲೆ ತಿಳಿಯುತ್ತಿತ್ತು. ಮೂಗೂ ಹೋಯಿತು, ನಾಲಿಗೆಯೂ ಹೋಯಿತು. ಅಂಥವನ ಕಸುಬು ಅಡುಗೆ.

ಇದನ್ನು ಬರೆಯಲು ಕೂತು ಇಷ್ಟರಲ್ಲೇ ಮೂರು ಸಲ ಎದ್ದಿದ್ದೇನೆ. ಒಂದು ಸಲ ಬಾಗಿಲು ಹಾಕಿದೆಯೇ ಎಂದು ನೋಡಲು, ಇನ್ನೊಂದು ಸಲ ನೀರು ಕುಡಿಯಲು, ಮೂರನೆಯ ಸಲ ಯಾಕೆ ಎದ್ದೆನೋ ಗೊತ್ತಿಲ್ಲ. ನಾನು ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಬೇಕು.

ಮಧುಗಿರಿಯಲ್ಲಿ ದೊರೆಗಳು, ದೊಡ್ಡ ಅಧಿಕಾರಿಗಳು ಬಂದು ಇಳಿಯುವ ಸರ್ಕಾರಿ ಬಂಗಲೆ ಇತ್ತು. ಅಲ್ಲಿ ಅಡುಗೆ ಮಾಡಿ, ಹಾಸಿಗೆ ಹಾಸಿ, ದೀಪ ಹಚ್ಚುವವನಿಗೆ ಮೇಟಿ ಎನ್ನುತ್ತಾರೆ. ತಮ್ಮ ಅಲ್ಲಿನ ಮುದಿ ಮೇಟಿಯ ಕೈಕೆಳಗೆ ಹಂಗಾಮಿಯಾಗಿ ಇದ್ದ. ಊಟ, ಮಲಗುವುದು ನಮ್ಮ ಮನೆಯಲ್ಲಿ. ನಾಲಿಗೆ ಹೋದದ್ದನ್ನು ಬಂಗಲೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಉಪ್ಪು ಎಷ್ಟು ಚಿಟಿಕೆ, ಮೆಣಸು ಎಷ್ಟು ಕಾಳು, ಎಲ್ಲ ಎಣಿಸಿ ಹಾಕುತ್ತಿದ್ದ. ಅವನ ಕೈ ತಪ್ಪುತ್ತಿರಲಿಲ್ಲ, ಆದ್ದರಿಂದ ಗುಟ್ಟು ನಿಂತಿತ್ತು.

ಮುದಿ ಮೇಟಿ ಕೆಲಸ ಬಿಡುವ ಹೊತ್ತಿಗೆ ಸರಿಯಾಗಿ ಒಬ್ಬ ಬಿಳಿ ದೊರೆ ಬರುವ ಸುದ್ದಿ ಬಂತು. ಪಾವಗಡದ ಕಡೆ ಬೆಟ್ಟಗಳಲ್ಲಿ ಕಲ್ಲು ಪರೀಕ್ಷೆ ಮಾಡುವವರು, ಅಮೇರಿಕದ ಗಣಿಗಳಲ್ಲಿ ಹತ್ತು ವರ್ಷ ಇದ್ದು ಬಂದವರು. ಬಂಗಲೆಯಲ್ಲಿ ತಮಗೆ ಏನೇನು ಬೇಕೆಂದು ಮೊದಲೇ ಕಾಗದ ಬರೆದಿದ್ದರು. ಅದರಲ್ಲಿ ಸಂಜೆಯ ಪಾನೀಯ ಎಂದು ಮೂರು ಹೆಸರಿದ್ದವು. ಕಚೇರಿಯ ಶಿರಸ್ತೇದಾರರು ತಮ್ಮನನ್ನು ಕರೆದು ಓದಿ ಹೇಳಿದರಂತೆ: "ಬಂಗಲೆ ಪುಸ್ತಕದಲ್ಲಿ ದೊರೆ ಒಳ್ಳೇ ಮಾತು ಬರೆದರೆ ನೀನೇ ಕಾಯಂ ಮೇಟಿ. ಇಲ್ಲದಿದ್ದರೆ ಸಿರಾದಿಂದ ಬೇರೆಯವನನ್ನ ಕರೆಸ್ತೀವಿ." ದೊರೆ ಬರಲು ಇನ್ನೂ ಒಂದೂವರೆ ತಿಂಗಳಿತ್ತು.

ತಮ್ಮ ಮನೆಗೆ ಬಂದು ಆ ಮೂರು ಹೆಸರನ್ನು ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿದ. "ವಿಸ್ಕಿ ಸವರ್. ಓಲ್ಡ್ ಫ್ಯಾಷನ್. ಬಿಸಿ ಟಾಡಿ."

"ಸವರಾದಾ? ಏನ್ನ ಸವರಾದು?" ಅಂದೆ.

ನನ್ನ ಗಂಡ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದವರು, "ರೊಟ್ಟಿಗೆ ಬೆಣ್ಣೆ ಸವರ್ದಂಗೆ ಗ್ಲಾಸಿಗೆ ವಿಸ್ಕಿ ಸವರ್ತಾರೇನೋ. ದೊರೆಗಳು ಜಿಪುಣ್ರು ಕಣೇ" ಎಂದರು. "ಟಾಡಿ ನಂಗೊತ್ತು. ಟಾಡಿ ಅಂದ್ರೆ ಹೆಂಡ ಕಣ್ಲಾ ಬಾಮೈದ. ಅಬಕಾರಿಯೋರು ಅಂಗೇ ಅಲ್ವಾ ಅನ್ನೋದು?"

"ಬಿಸಿ ಹೆಂಡವಾ ಬಾವ?"

"ದೊರೆ ಮನ್ಸು ಯಾರು ಕಂಡೋರು? ಕಾಯ್ಸಿ ಕೊಡು."

ಹೇಳಿದ್ದಷ್ಟೇ ಅಲ್ಲ, ಮಾರನೆಯ ದಿನ ಪುರವರದ ಕಡೆಯಿಂದ ಒಂದು ಮಡಕೆ ಈಚಲ ಹೆಂಡ ತರಿಸಿಯೇ ಬಿಟ್ಟರು. ತಮ್ಮ ಅದನ್ನು ಒಲೆಯ ಮೇಲಿಟ್ಟು ಕಾಯಿಸಿ ವಿಸ್ಕಿ ಬೆರೆಸಿದ. ಬಂದ ದೊರೆಗಳು ಬಿಟ್ಟು ಹೋದ ಬಾಟಲಿಗಳ ತಳ ಮೇಟಿಯ ಪಾಲಿಗೆ ಬರುವುದು ಬಂಗಲೆಯ ಪದ್ಧತಿ. ಹಾಗೆ ನಾಲ್ಕೈದು ಬಾಟಲಿಗಳಲ್ಲಿ ಅಷ್ಟಷ್ಟು ವಿಸ್ಕಿ ಅವನ ಬಳಿ ಇತ್ತು.

ಆ ವಾರವೇ ಸಿರಾದ ಖಾನಸಾಮ ಸಾಬರು ಮಧುಗಿರಿಯ ಮಗಳ ಮನೆಗೆ ಬಂದರು. ನಲವತ್ತು ವರ್ಷ ಬೆಂಗಳೂರು ದಂಡಿನಲ್ಲಿ ದೊರೆಗಳ ಮನೆಗಳಲ್ಲಿ ಅಡುಗೆ ಮಾಡಿದವರು. ತಮ್ಮನಿಗೆ ಮೊದಲು ಸೌಟು ಹಿಡಿಯಲು ಕಲಿಸಿದವರೂ ಅವರೇ. ಅವನ ನಾಲಿಗೆಯ ಸಂಗತಿ ನಮ್ಮ ಮನೆಯವರನ್ನು ಬಿಟ್ಟರೆ ಗೊತ್ತಿದ್ದದ್ದು ಅವರಿಗೊಬ್ಬರಿಗೆ. ತಮ್ಮ ಹೋಗಿ ಅವರನ್ನು ಕರೆತಂದ. ಜಗಲಿಯ ಮೇಲೆ ಕೂತ ಸಾಬರು ನಮ್ಮ ಟಾಡಿಯನ್ನು ಮೂಗಿನ ಬಳಿ ಹಿಡಿದು ದೂರ ಇಟ್ಟರು.

"ಯಾ ಅಲ್ಲಾ! ಇದ್ರಲ್ಲಿ ಹೆಂಡ ಯಾಕೆ ಬೇಟಾ? ದೊರೆ ಟಾಡಿ ಬೇರೆ. ಬಿಸ್ನೀರು, ವಿಸ್ಕಿ, ಸಕ್ರೆ, ಲವಂಗ, ನಿಂಬೆ. ನೆಗಡಿ ಆದ್ರೆ ಕುಡೀತಾರೆ. ನಿಂದು ಕುಡಿದ್ರೆ ದೊರೆ ನಿಮ್ ಬೆಟ್ಟ ಹತ್ತಿ ಇಳಿಯೋದೇ ಇಲ್ಲ."

ಸವರ್ ಎಂದರೆ ಹುಳಿ ಎಂದು ಅವರಿಂದ ತಿಳಿಯಿತು. ವಿಸ್ಕಿ, ನಿಂಬೆರಸ, ಸಕ್ಕರೆ, ಒಂದು ಮೊಟ್ಟೆಯ ಬಿಳಿ. ಎರಡು ಗ್ಲಾಸುಗಳ ಬಾಯಿಗೆ ಬಾಯಿ ಕೂಡಿಸಿ ನೊರೆ ಬರುವವರೆಗೆ ಕುಲುಕಬೇಕು. ಓಲ್ಡ್ ಫ್ಯಾಷನ್ನಿಗೆ ಒಂದು ಸಕ್ಕರೆ ಅಚ್ಚು, ಅದರ ಮೇಲೆ ಕೆಲವು ತೊಟ್ಟು ಕಹಿ ಅರಕು, ಮೇಲೆ ವಿಸ್ಕಿ, ಕೊನೆಗೆ ಹೇರಳೆಕಾಯಿ ಸಿಪ್ಪೆಯ ಒಂದು ಚೂರು ಹಿಂಡಿ ಹಾಕುವುದು. ಬೆಂಗಳೂರಿನಲ್ಲಾದರೆ ಐಸು ಸಿಗುತ್ತದೆ. ಇಲ್ಲಿ ಗ್ಲಾಸನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಗಾಳಿಗಿಡು ಎಂದರು. ಕಹಿ ಅರಕಿನ ಸೀಸೆ ಬಂಗಲೆಯಲ್ಲಿ ಒಣಗಿಹೋಗಿತ್ತು. ಅದಕ್ಕೂ ಸಾಬರು ದಾರಿ ಹೇಳಿದರು: ನೆಲಬೇವು, ಹೇರಳೆ ಸಿಪ್ಪೆ, ಲವಂಗ, ಚಕ್ಕೆ, ಇಷ್ಟನ್ನೂ ವಿಸ್ಕಿಯಲ್ಲಿ ಒಂದು ವಾರ ನೆನೆಹಾಕು.

"ಎಷ್ಟು ತೊಟ್ಟು ಸಾಬ್ರೇ?" ತಮ್ಮ ಪುಸ್ತಕ ಬಿಚ್ಚಿಕೊಂಡು ಕೂತಿದ್ದ.

"ಅಂಗ್ಡಿ ಸೀಸೆದಾದ್ರೆ ಹೇಳ್ತಿದ್ದೆ. ಇದು ಮನೇದು. ಎರಡ್ರಿಂದ ಶುರು ಮಾಡು. ಆಮೇಲೆ ನಾಲ್ಗೆ ಹೇಳ್ಬೇಕು."

ತಮ್ಮ ನನ್ನ ಕಡೆ ನೋಡಿದ.

ಸಾಬರು ನೊರೆ ಬರಿಸಿ ಕೊಟ್ಟ ಸವರನ್ನು ನಾನು ಬಾಗಿಲ ಮರೆಯಲ್ಲಿ ನಿಂತು ಕುಡಿದೆ. ನಮ್ಮ ಮನೆಗಳಲ್ಲಿ ಪಾತ್ರೆಗೆ ತುಟಿ ತಾಗಿಸುವುದಿಲ್ಲ, ತಾಗಿದರೆ ಎಂಜಲು. ನೀರಾಗಲಿ ಮಜ್ಜಿಗೆಯಾಗಲಿ, ತಲೆ ಮೇಲೆತ್ತಿ, ಮೇಲಿಂದ ಗಂಟಲಿಗೆ ಬಿಟ್ಟುಕೊಳ್ಳುವುದು. ಅದನ್ನೂ ಹಾಗೇ ಎತ್ತಿ ಕುಡಿದೆ. ಗಂಟಲು ಉರಿಯಿತು, ಅಷ್ಟೇ.

ಸಾಬರು ನಕ್ಕರು. "ಅರೆ ಬೇಟಿ, ಇದು ಬಿಂದ್ಗೆ ನೀರಲ್ಲ. ಅಂಗೆ ಕುಡಿದ್ರೆ ನಾಲ್ಗೆ ಬಾಗ್ಲಲ್ಲೇ ಉಳೀತು, ಮಾಲು ಒಳಗೆ ಹೋಯ್ತು. ತುಟಿ ಇಡ್ಬೇಕು. ಮೂಗು ಗ್ಲಾಸೊಳಗೆ ಬರ್ಬೇಕು. ನಾನು ಒಂದು ಹನಿ ಕುಡಿದೋನಲ್ಲ. ನಲ್ವತ್ತು ವರ್ಷ ಬರೀ ಮೂಗಿಂದ ನೋಡ್ದೆ."

ನನ್ನ ಹಿತ್ತಾಳೆ ಚೊಂಬಿಗೆ ಸುರಿದುಕೊಳ್ಳಲೇ ಎಂದು ಕೇಳಿದೆ. ನಿಂಬೆ ಹಿತ್ತಾಳೆಯಲ್ಲಿ ಕಿಲುಬುಗಟ್ಟುತ್ತದೆ, ಗ್ಲಾಸೇ ಆಗಬೇಕು ಎಂದರು. ಎರಡು ದಿನ ಇದ್ದು ಸಿರಾಕ್ಕೆ ಹೊರಟುಹೋದರು.

ಆಮೇಲೆ ಪ್ರತಿ ಮಧ್ಯಾಹ್ನ, ನನ್ನ ಗಂಡ ಹೊಲಕ್ಕೆ ಹೋದ ಮೇಲೆ, ತಮ್ಮ ಎರಡು ಗ್ಲಾಸು ತಂದು ನನ್ನ ಮುಂದಿಡುತ್ತಿದ್ದ. ಎಡಗಡೆಯದರಲ್ಲಿ ಒಂದು ಅಳತೆ, ಬಲಗಡೆಯದರಲ್ಲಿ ಇನ್ನೊಂದು. ಯಾವುದು ಮೇಲು ಎಂದು ನಾನು ಹೇಳಬೇಕು. "ತುಟಿ ಇಟ್ಟು ಕುಡಿಯಕ್ಕ. ನಿನ್ನ ನಾಲ್ಗೇನೇ ನನ್ನ ನಾಲ್ಗೆ" ಎಂದ. ಅವನು ನೋಡುತ್ತಿದ್ದರೆ ನಾಚಿಕೆ ಎಂದು ಹೇಳಿ ಗ್ಲಾಸುಗಳನ್ನು ಹಿಂದಿನ ಕೊಟ್ಟಿಗೆಯ ಕಡೆ ಒಯ್ದೆ.

ಗ್ಲಾಸಿನ ಅಂಚು ಸವೆದಿತ್ತು. ಬಂಗಲೆಯ ಗ್ಲಾಸು. ಅದರ ಮೇಲೆ ಎಷ್ಟು ಜನರ ತುಟಿ, ಎಷ್ಟು ಜನರ ಮೀಸೆ! ಕುಡಿಯುವುದೇನೂ ನನಗೆ ಅಸಹ್ಯವಾಗಿರಲಿಲ್ಲ. ಆ ಅಂಚೇ ಅಸಹ್ಯ. ಬಾಯಿಯ ಹತ್ತಿರ ತಂದೆ, ಇಳಿಸಿದೆ. ಮತ್ತೆ ತಂದೆ. ಮತ್ತೆ ಇಳಿಸಿದೆ. ಪಕ್ಕದಲ್ಲಿ ಎಮ್ಮೆಯ ಕಲಗಚ್ಚಿನ ಗಡಿಗೆ ಇತ್ತು. ಎರಡನ್ನೂ ಅದಕ್ಕೆ ಸುರಿದು, ಸೆರಗಿನಲ್ಲಿ ಬಾಯಿ ಒರೆಸಿಕೊಳ್ಳುತ್ತ ಆಚೆ ಬಂದೆ.

"ಹೆಂಗೈತಕ್ಕ?"

ಆಗಲೇ ಹೇಳಬಹುದಿತ್ತು, ನನ್ನ ಕೈಲಿ ಆಗುವುದಿಲ್ಲ ಕಣೋ ಎಂದು. ಅವನು ಪೆನ್ಸಿಲು ಹಿಡಿದು ನನ್ನ ಬಾಯನ್ನೇ ನೋಡುತ್ತಿದ್ದ. ಚೆನ್ನಾಗಿದೆ ಎಂದರೆ ಯಾವುದು ಎಂದು ಕೇಳುತ್ತಾನೆ. ಬಾಯಿಗೆ ಬಂದದ್ದನ್ನು ಅಂದೆ: "ಎಡಗಡೇದು ವಾಸಿ. ಆದ್ರೆ ಕಹಿ ಸಾಲ್ದು."

"ಕಹಿ ಸಾಲ್ದು" ಎಂದು ಅವನು ಬರೆದುಕೊಂಡ. ಮಾರನೆಯ ದಿನ ಎರಡು ತೊಟ್ಟು ಮೂರಾಯಿತು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಎಂಜಲಿನ ಅಸಹ್ಯ ಮೊದಲ ದಿನದ್ದು. ಆಮೇಲಿನದು ಬೇರೆ. ಹದಿನಾಲ್ಕು ವರ್ಷಕ್ಕೆ ಆ ಮನೆಗೆ ಸೊಸೆಯಾಗಿ ಬಂದವಳು ನಾನು. ಯಾವ ಸೀರೆ, ಯಾವ ಕಾಳು, ಎಮ್ಮೆ ಮಾರಬೇಕೋ ಬೇಡವೋ, ಯಾವುದರಲ್ಲೂ ಒಬ್ಬರೂ ನನ್ನನ್ನು ಕೇಳಿರಲಿಲ್ಲ. ಈಗ ಒಬ್ಬ ಗಂಡಸು, ಓದು ಬಲ್ಲವನು, ನಾನು ಆಡಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದ. ನನಗೆ ಅದರ ರುಚಿ ಹತ್ತಿತು. ಬರಬರುತ್ತ ಹೇಗೆ ಹೇಳುವುದೆಂದೂ ಕಲಿತೆ. "ಇದು ಒಳಕ್ಕೆ ಬರುವಾಗ ದುಂಡಗೈತೆ, ಹೋಗುವಾಗ ಚೂಪು" ಎನ್ನುತ್ತಿದ್ದೆ. "ಈ ವಿಸ್ಕಿ ಎಳೇದು, ಆ ವಿಸ್ಕಿ ಬಲಿತಿದ್ದು" ಎನ್ನುತ್ತಿದ್ದೆ. ಒಂದು ದಿನ ಒಲೆಯ ಹೊಗೆ ಮುಖಕ್ಕೆ ಹೊಡೆದು ಕಣ್ಣುಜ್ಜಿಕೊಳ್ಳುತ್ತ ಬಂದವಳು, "ಬಲಗಡೇದು ಹೊಗೆ ವಾಸ್ನೆ" ಅಂದುಬಿಟ್ಟೆ. ತಮ್ಮ ಅದನ್ನು ಸಿರಾಕ್ಕೆ ಹೋದಾಗ ಸಾಬರಿಗೆ ಓದಿ ಹೇಳಿದನಂತೆ. ಆ ಬಾಟಲಿಯ ವಿಸ್ಕಿಗೆ ಹೊಗೆಯ ವಾಸನೆ ಇರುವುದು ನಿಜವಂತೆ. "ನಿಮ್ಮಕ್ಕನಂಥ ನಾಲ್ಗೆ ದಂಡ್ನಲ್ಲೂ ನೋಡಿಲ್ಲ" ಅಂದರಂತೆ ಸಾಬರು. ತಮ್ಮ ಬಂಡಿಯಿಂದ ಇಳಿದವನೇ ಓಡಿ ಬಂದು ಇದನ್ನು ಹೇಳಿದ. ನನಗೆ ಹೆದರಿಕೆಯಾಯಿತು. ಜೊತೆಗೆ ಹಿಗ್ಗೂ ಆಯಿತು. ಎರಡೂ ನಿಜ.

ನನ್ನ ಗಂಡ ಒಂದು ಸಂಜೆ ಕೊಟ್ಟಿಗೆಯಲ್ಲಿ ನಿಂತು, "ಈ ಎಮ್ಮೆ ಯಾಕೋ ಈಚೆಗೆ ಶಾನೆ ಸಾಧು ಆಗ್ಬುಟ್ಟೈತಲ್ಲೇ. ಒದೆಯೋದೇ ಬುಟ್ಟೈತೆ. ಮಧ್ಯಾಹ್ನ ಆಯ್ತು ಅಂದ್ರೆ ನಿನ್ನೇ ನೋಡ್ತಾ ನಿಂತಿರ್ತೈತೆ" ಎಂದರು. ನಾನು ಸೆಗಣಿ ಬಾಚುತ್ತಲೇ ಇದ್ದೆ.

ಹುಳಿಯದಕ್ಕೂ ಟಾಡಿಗೂ ಸಾಬರು ಕೊಟ್ಟ ಅಳತೆ ಇತ್ತು. ಅವುಗಳಲ್ಲಿ ನನ್ನ ಮಾತು ಹೆಚ್ಚು ಹಾಳು ಮಾಡಲಿಲ್ಲ. ಅಳತೆ ಇಲ್ಲದ್ದು ಕಹಿ ಒಂದೇ. ಏನೂ ತೋಚದ ದಿನ ನಾನು ಹೇಳುತ್ತಿದ್ದದ್ದೂ ಅದೊಂದೇ, ಕಹಿ ಇನ್ನೂ ಸಾಲದು. ಮೂರು ಐದಾಯಿತು. ಐದು ಒಂಬತ್ತಾಯಿತು. ತೊಟ್ಟು ಬಿಟ್ಟು ಕಾಲು ಚಮಚಕ್ಕೆ ಬಂದ. ನೆಲಬೇವು ಎಂಥ ಕಹಿ ಎಂದು ನನಗೆ ಗೊತ್ತಿಲ್ಲದ್ದೇನಲ್ಲ. ಜ್ವರ ಬಂದಾಗ ಎಲ್ಲರಿಗೂ ನಾನೇ ಕಾಯಿಸಿ ಕುಡಿಸಿದವಳು. ಭಯವಾಗಿ ಒಂದು ದಿನ, "ಇವತ್ತು ಕಹಿ ಒಂಚೂರು ಜಾಸ್ತಿ ಆಯ್ತೇನೋ" ಅಂದೆ.

ಅವನು ಪುಸ್ತಕದ ಹಾಳೆ ಹಿಂದಕ್ಕೆ ತಿರುವಿದ. "ನಿನ್ನೆ ಇಷ್ಟೇ ಹಾಕಿದ್ನಲ್ಲಕ್ಕ. ಸಾಲ್ದು ಅಂದಿದ್ದೆ."

ಅವನ ಮುಖದಲ್ಲಿ ಅನುಮಾನ ಇರಲಿಲ್ಲ. ಕಲಿಯುವವನ ಕಕ್ಕಾಬಿಕ್ಕಿ ಮಾತ್ರ. ನಾನು ಹೆದರಿದ್ದು ಸಿಕ್ಕಿಬೀಳುತ್ತೇನೆಂದು. "ಊಂ, ಸಾಲ್ದು. ಸರಿಯಾಗೇ ಹೇಳಿದ್ದೆ. ಇವತ್ತು ನನ್ನ ಬಾಯಿ ಕೆಟ್ಟೈತೆ" ಅಂದೆ. ದೊರೆ ಬರುವ ಹೊತ್ತಿಗೆ ಅದು ಒಂದು ಚಮಚ ತುಂಬ ಆಗಿತ್ತು. ಆ ದಿನಗಳಲ್ಲಿ ನಾನು ಕೂತಲ್ಲಿ ಕೂರಲಿಲ್ಲ. ಬೀಸುವ ಕಲ್ಲಿನ ಮುಂದಿನಿಂದ ಎದ್ದು ಬೀದಿ ಬಾಗಿಲಿಗೆ, ಬೀದಿ ಬಾಗಿಲಿಂದ ಕೊಟ್ಟಿಗೆಗೆ. ನಾಳೆ ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡೇ ದೊರೆ ಬಂದರು.

ಅವರು ಬಂದ ಸಂಜೆ ನಿಂಬೆಹಣ್ಣು, ಹೇರಳೆಕಾಯಿ ತೆಗೆದುಕೊಂಡು ನಾನೂ ಬಂಗಲೆಯ ಹಿಂದಿನ ಅಡುಗೆಮನೆಗೆ ಹೋದೆ. ಅಲ್ಲಿಂದ ಪಡಸಾಲೆ ಕಾಣುತ್ತಿತ್ತು. ಬಿಸಿಲು ಇನ್ನೂ ಬೆಟ್ಟದ ನೆತ್ತಿಯ ಮೇಲಿತ್ತು. ದೊರೆ ಬೆತ್ತದ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದರು. ಶಿರಸ್ತೇದಾರರು ಪಕ್ಕದಲ್ಲಿ ನಿಂತಿದ್ದರು. ಮೊದಲು ಹುಳಿಯದು ಹೋಯಿತು. ದೊರೆ ಕುಡಿದು, ಗ್ಲಾಸು ಎತ್ತಿ ಹಿಡಿದು ಏನೋ ಅಂದರು. ಶಿರಸ್ತೇದಾರರು, "ಭೇಷ್ ಅಂತಾರೆ ಕಣೋ" ಎಂದರು. ತಮ್ಮ ತಿರುಗಿ ಅಡುಗೆಮನೆಯ ಬಾಗಿಲ ಕಡೆ ನೋಡಿದ. ನನ್ನನ್ನೇ ಹುಡುಕಿದ.

ಆಮೇಲೆ ಓಲ್ಡ್ ಫ್ಯಾಷನ್. ಅವನು ಅಡುಗೆಮನೆಗೆ ಬಂದು ಚಮಚ ತುಂಬಿ ಸಕ್ಕರೆ ಅಚ್ಚಿನ ಮೇಲೆ ಕಹಿ ಬಿಡುವುದನ್ನು ನಾನು ಎರಡು ಮಾರು ದೂರದಿಂದ ನೋಡಿದೆ. ಕೈ ಹಿಡಿಯಬಹುದಿತ್ತು. ಹೇರಳೆ ಸಿಪ್ಪೆ ಕತ್ತರಿಸಿ ಕೊಟ್ಟೆ.

ದೊರೆ ಗ್ಲಾಸನ್ನು ಮೂಗಿನ ಬಳಿ ತಂದು ಒಂದು ಕ್ಷಣ ನಿಲ್ಲಿಸಿದರು. ಒಂದು ಗುಟುಕು ಕುಡಿದರು. ಮುಖ ಹಿಂಡಿಹೋಯಿತು. ಕೆಮ್ಮಿದರು, ಆಮೇಲೆ ಜೋರಾಗಿ ನಕ್ಕರು. "ಇದು ಚಳಿಜ್ವರದ ಮದ್ದೋ ಅಂತ ಕೇಳ್ತಿದಾರೆ" ಎಂದರು ಶಿರಸ್ತೇದಾರರು. ದೊರೆಗೆ ಸಿಟ್ಟಿರಲಿಲ್ಲ. ಗ್ಲಾಸನ್ನು ತಮ್ಮನ ಕೈಗೆ ಕೊಟ್ಟು, ನೀನೇ ಕುಡಿದು ನೋಡು ಎಂದು ಸನ್ನೆ ಮಾಡಿದರು.

ತಮ್ಮ ಸ್ವಲ್ಪ ಪಕ್ಕಕ್ಕೆ ತಿರುಗಿ, ತಲೆ ಎತ್ತಿ, ತುಟಿ ತಾಗಿಸದೆ ಅಷ್ಟನ್ನೂ ಗಂಟಲಿಗೆ ಬಿಟ್ಟುಕೊಂಡ. ಅವನ ಮುಖದ ಒಂದು ನರವೂ ಅಲುಗಲಿಲ್ಲ. "ಚೆನ್ನಾಗೈತೆ ಸ್ವಾಮಿ" ಅಂದ.

ದೊರೆಯ ನಗು ನಿಂತಿತು. ಎದ್ದು ಹತ್ತಿರ ಬಂದು ಅವನನ್ನೇ ನೋಡಿದರು. ಕಣ್ಣು ಮುಚ್ಚಿಸಿ, ಮೇಜಿನ ಮೇಲಿದ್ದ ಸಾಸಿವೆಯ ಗೊಜ್ಜು ಒಂದು ಚಮಚ ಬಾಯಿಗೆ ಕೊಟ್ಟು ಏನೆಂದು ಕೇಳಿಸಿದರು. ಅವನು ಬಹಳ ಹೊತ್ತು ಬಾಯಿ ಆಡಿಸಿದ. "ಬೆಣ್ಣೆ" ಅಂದ.

ಮಾರನೆಯ ದಿನ ಶಿರಸ್ತೇದಾರರು ಬಂಗಲೆಯ ಪುಸ್ತಕವನ್ನು ಓದಿ ಹೇಳಿದರು. ಕೆಲಸದವನ ಕೈ ಶುದ್ಧ, ನಡತೆ ಒಳ್ಳೆಯದು. ಆದರೆ ಅವನಿಗೆ ರುಚಿಯಾಗಲಿ ವಾಸನೆಯಾಗಲಿ ಇಲ್ಲ, ಹಾಲು ಮಾಂಸ ಕೆಟ್ಟಿದ್ದರೆ ತಿಳಿಯಲಾರ, ಇಂಥವನಿಗೆ ಬಂಗಲೆಯ ಅಡುಗೆ ಒಪ್ಪಿಸಬಾರದು. ಒಂದು ಅಕ್ಷರವೂ ಸುಳ್ಳಲ್ಲ. ಸಿರಾದಿಂದ ಬೇರೆಯವನು ಬಂದ.

ದೊರೆ ಕುಡಿದ ಆ ಸಂಜೆಯೇ, ಬಂಗಲೆಯಿಂದ ಮನೆಗೆ ನಡೆದು ಬರುವಾಗ, ತಮ್ಮ ಒಂದೇ ಮಾತು ಕೇಳಿದ್ದ. "ಒಂದು ಚಮ್ಚ ಅಂದಿದ್ದೆ ಅಲ್ವಾ ಅಕ್ಕ?"

"ಊಂ."

"ಅಂಗಾದ್ರೆ ದೊರೆ ನಾಲ್ಗೇನೇ ಬೇರೆ ಬುಡು."

ಎರಡು ದಿನದ ಮೇಲೆ, ಅವನು ಇಲ್ಲದ ಹೊತ್ತಿನಲ್ಲಿ, ಅವನ ಅಳತೆಯಂತೆ ಒಂದು ಗ್ಲಾಸು ಮಾಡಿಕೊಂಡೆ. ಸಕ್ಕರೆ ಅಚ್ಚು, ಒಂದು ಚಮಚ ಕಹಿ, ವಿಸ್ಕಿ, ಸಿಪ್ಪೆ. ಗ್ಲಾಸಿಗೆ ತುಟಿ ಇಟ್ಟೆ. ನನ್ನ ಜೀವಮಾನದಲ್ಲಿ ಅದೇ ಮೊದಲು. ಅಂಚು ತಣ್ಣಗಿತ್ತು, ಬರೀ ಗಾಜು, ಅಸಹ್ಯವೇನೂ ಇರಲಿಲ್ಲ. ಒಂದು ಗುಟುಕು ಬಾಯಲ್ಲಿ ಹಿಡಿದು ನಿಂತೆ. ನುಂಗಲಾರದೆ ಹಿತ್ತಲಿಗೆ ಓಡಿ ಉಗುಳಿದೆ. ಬೆಲ್ಲ ತಿಂದರೂ ಕಹಿ, ಮಜ್ಜಿಗೆ ಕುಡಿದರೂ ಕಹಿ. ಒಂದೇ ಒಂದು ದಿನ ಹೀಗೆ ತುಟಿ ತಾಗಿಸಿದ್ದರೆ ಸಾಕಿತ್ತು.

ತಮ್ಮ ಪಾವಗಡದ ಕಡೆ ರಸ್ತೆ ಕೆಲಸಕ್ಕೆ ಹೋದ. ಜಲ್ಲಿಯ ಗುಡ್ಡೆ ಅಳೆಯುವ ಮೇಸ್ತ್ರಿಯಾದ. ಅಲ್ಲಿಯವಳನ್ನೇ ಮದುವೆಯಾದ, ಅವಳ ಮಾತು ಅರ್ಧ ತೆಲುಗು. ಅಡುಗೆಮನೆಗೆ ಮತ್ತೆ ಕಾಲಿಡಲಿಲ್ಲ. ಅವಳು ಸಾರಿಗೆ ಉಪ್ಪು ನೋಡು ಎಂದರೆ ಎದ್ದು ಆಚೆ ಹೋಗುತ್ತಾನೆ ಎಂದು ಅವಳೇ ನನಗೆ ಹೇಳಿದಳು. ವರ್ಷಕ್ಕೊಮ್ಮೆ ನಮ್ಮ ಮನೆಗೆ ಬರುತ್ತಿದ್ದ. ಬಂದಾಗಲೆಲ್ಲ ನಾನು ಹೇಳಬೇಕೆಂದು ಬಾಯಿ ತೆರೆಯುತ್ತಿದ್ದೆ. ಅವನು ಏನಕ್ಕ ಎನ್ನುತ್ತಿದ್ದ. ನಾನು ಇನ್ನೊಂದು ಮುದ್ದೆ ಇಕ್ಕಲಾ ಎನ್ನುತ್ತಿದ್ದೆ.

ಹೀಗೆ ಹನ್ನೆರಡು ವರ್ಷ ಹೋದವು. ಕಳೆದ ಸುಗ್ಗಿಯಲ್ಲಿ ಬಂದಿದ್ದ. ಊಟವಾಗಿ ಜಗಲಿಯ ಮೇಲೆ ಕೂತಿದ್ದೆವು, ನಾವಿಬ್ಬರೇ. ನಾನು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ನೀನು ಕೊಟ್ಟದ್ದರಲ್ಲಿ ಒಂದು ತೊಟ್ಟೂ ಕುಡಿಯಲಿಲ್ಲ, ಎಲ್ಲ ಎಮ್ಮೆಗೆ ಸುರಿದೆ, ಎಡ ಬಲ ಎಲ್ಲ ಬಾಯಿಗೆ ಬಂದಂತೆ ಹೇಳಿದೆ, ನಿನ್ನ ಕೆಲಸ ಕಳೆದವಳು ನಾನೇ.

ಅವನು ಮೊದಲು ನಕ್ಕ. ಆಮೇಲೆ ನನ್ನ ಮುಖ ನೋಡಿ ನಗು ಬಿಟ್ಟ. ಕೈಯಲ್ಲಿದ್ದ ಕಡ್ಡಿಯಿಂದ ಜಗಲಿಯ ಸಂದಿ ಕೆದಕಲು ಶುರು ಮಾಡಿದ. ಕೆದಕಿದ, ಕೆದಕಿದ.

"ನನ್ ಸಮಾಧಾನಕ್ಕೆ ಹೇಳ್ತಿದೀಯ ಕಣಕ್ಕ ನೀನು" ಅಂದ.

"ಇಲ್ಲ ಕಣೋ. ನಿಜ."

"ಅಂಗನ್ನಬ್ಯಾಡ." ಅವನ ದನಿ ಸಣ್ಣದಾಯಿತು. "ಜ್ವರ ಬಂದ್ಮ್ಯಾಲೆ ನಂಗೆ ನಾಲ್ಗೆ ಇದ್ದಿದ್ದು ಅಂದ್ರೆ ಆ ಒಂದ್ ತಿಂಗ್ಳು. ನೀನು ದುಂಡಗೈತೆ ಅಂದ್ರೆ ನಂಗೆ ಬಾಯೊಳ್ಗೆ ದುಂಡಗಾಗ್ತಿತ್ತು. ಚೂಪು ಅಂದ್ರೆ ಚೂಪು. ಕೆಲ್ಸ ಹೋಯ್ತು, ಹೋಗ್ಲಿ. ಅದನ್ನೂ ಸುಳ್ಳು ಅಂತ ಅನ್ನಬ್ಯಾಡಕ್ಕ."

ನಾನು ಎದ್ದೆ. ಒಳಗೆ ಹೋಗಿ, ಏನೂ ಇಲ್ಲದೆ ಆಚೆ ಬಂದೆ. ಅವನು ಇನ್ನೂ ಕಡ್ಡಿ ಹಿಡಿದು ನನ್ನ ಬಾಯನ್ನೇ ನೋಡುತ್ತಿದ್ದ.

"ತಮಾಷೆ ಮಾಡ್ದೆ ಕಣೋ" ಅಂದೆ. "ನೀನು ಹೆಂಗೆ ಬೇಸ್ತು ಬೀಳ್ತೀಯ ನೋಡೋಣ ಅಂತ."

"ಥೂ, ಇಂಥ ತಮಾಷೆ ಮಾಡ್ತಾರಾ?" ಎಂದು ಕಡ್ಡಿ ಎಸೆದು, ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ಉಸಿರು ಬಿಟ್ಟ. ಸ್ವಲ್ಪ ಹೊತ್ತಿಗೆ ಕೊರಟಗೆರೆಯಿಂದ ಬಂದಿದ್ದ ಬಂಡಿ ಪಾವಗಡದ ಕಡೆ ಹೊರಟಿತು. ಅವನು ಅದನ್ನು ಹತ್ತಿದ. ಬಂಡಿ ಬೀದಿಯ ತಿರುವು ದಾಟುವವರೆಗೂ ಅವನ ಮಾತು ಕೇಳುತ್ತಿತ್ತು. ತನ್ನ ಅಕ್ಕನ ನಾಲಿಗೆ ಎಂಥದ್ದು ಎಂದು ಬಂಡಿಯವನಿಗೆ ಹೇಳುತ್ತಿದ್ದ.